ಕೂದಲು ನೇರವಾಗಿಸುವ ಕ್ರೀಮ್‌ನಲ್ಲಿ ಏನಿದೆ? ಅಮೆರಿಕದ ಕಪ್ಪು ಮಹಿಳೆಯರಿಗೆ ಇನ್ನೂ ಸಿಗದ ಪೂರ್ತಿ ಉತ್ತರ

ಅಮೆರಿಕದ ಷಿಕಾಗೊ ನಗರದ ಫೆಡರಲ್ ನ್ಯಾಯಾಲಯದ ಮುಂದೆ ಸಾವಿರಾರು ಮಹಿಳೆಯರ ದೂರುಗಳಿವೆ. ಅವರಲ್ಲಿ ಹೆಚ್ಚಿನವರು ಕಪ್ಪು ವರ್ಣೀಯರು. ಗುಂಗುರು ಕೂದಲನ್ನು ನೇರವಾಗಿಸಲು ವರ್ಷಗಟ್ಟಲೆ ಬಳಸಿದ 'ಹೇರ್ ರಿಲ್ಯಾಕ್ಸರ್' ಕ್ರೀಮ್‌ಗಳಿಂದ ತಮಗೆ ಗರ್ಭಕೋಶದ ಅಥವಾ ಅಂಡಾಶಯದ ಕ್ಯಾನ್ಸರ್ ಬಂತು ಎಂಬುದು ಅವರ ಆರೋಪ. 2022ರ ಅಕ್ಟೋಬರ್‌ನಲ್ಲಿ ಇಂಥ ಮೊದಲ ಮೊಕದ್ದಮೆ ದಾಖಲಾಯಿತು. ದೇಶದ ಬೇರೆ ಬೇರೆ ಕಡೆಗಳಿಂದ ಬಂದ ಪ್ರಕರಣಗಳನ್ನು 2023ರ ಫೆಬ್ರುವರಿಯಲ್ಲಿ ಒಟ್ಟುಗೂಡಿಸಿ ಒಬ್ಬರೇ ನ್ಯಾಯಾಧೀಶರಿಗೆ ಒಪ್ಪಿಸಲಾಯಿತು. ಲೊರಿಯಲ್, ರೆವ್ಲಾನ್‌ನಂಥ ದೊಡ್ಡ ಕಂಪನಿಗಳು ಪ್ರತಿವಾದಿಗಳಾಗಿವೆ. ತಮ್ಮ ಉತ್ಪನ್ನಗಳು ಸುರಕ್ಷಿತ, ಆರೋಪಗಳಿಗೆ ಆಧಾರವಿಲ್ಲ ಎಂಬುದು ಕಂಪನಿಗಳ ನಿಲುವು.

ಯಾವ ಕ್ರೀಮ್‌ನಿಂದ ಯಾರಿಗೆ ಏನಾಯಿತು ಎಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕು. ಆದರೆ ತೀರ್ಪು ಏನೇ ಬಂದರೂ ಉಳಿಯುವ ಪ್ರಶ್ನೆಯೊಂದಿದೆ. ಆ ಡಬ್ಬಿಗಳಲ್ಲಿ ಏನಿತ್ತು ಎಂಬುದು ಅದನ್ನು ತಲೆಗೆ ಹಚ್ಚಿಕೊಂಡವರಿಗೆ ಪೂರ್ತಿಯಾಗಿ ಗೊತ್ತೇ ಇರಲಿಲ್ಲ. ಒಳಗೆ ಏನಿದೆ ಎಂದು ಪೂರ್ತಿ ಹೇಳುವ ಕಡ್ಡಾಯ ತಯಾರಕರಿಗೆ ಇರಲಿಲ್ಲ. ಹಾನಿ ಯಾವ ವಸ್ತುವಿನಿಂದ ಆಯಿತು ಎಂದು ತೋರಿಸುವ ಹೊಣೆ ಮಾತ್ರ ಬಳಸಿದವರ ಮೇಲೆ ಬಿದ್ದಿದೆ. ಇಡೀ ವಿವಾದದ ತಿರುಳು ಇರುವುದು ಇಲ್ಲಿ.

ಕೆಲಸಕ್ಕಾಗಿ ಕೂದಲು ನೇರವಾಗಬೇಕಿತ್ತು

ರಿಲ್ಯಾಕ್ಸರ್ ಎಂದರೆ ಶಾಂಪೂ, ಎಣ್ಣೆಯಂತಹ ಸಾಮಾನ್ಯ ಪ್ರಸಾಧನವಲ್ಲ. ಕೂದಲಿನೊಳಗಿನ ಪ್ರೋಟೀನ್ ಕೊಂಡಿಗಳನ್ನು ಮುರಿದು ಅದರ ಸುರುಳಿಯನ್ನು ಶಾಶ್ವತವಾಗಿ ಬಿಡಿಸುವ ತೀವ್ರ ಕ್ಷಾರ ಅದರಲ್ಲಿರುತ್ತದೆ. ಹಳೆಯ ಬಗೆಯ ರಿಲ್ಯಾಕ್ಸರ್‌ಗಳಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ನಮಗೆಲ್ಲ ಗೊತ್ತಿರುವ ಕಾಸ್ಟಿಕ್ ಸೋಡಾ. ಹೊಸ ಕೂದಲು ಬೆಳೆದಂತೆಲ್ಲ ಬುಡಕ್ಕೆ ಮತ್ತೆ ಹಚ್ಚಬೇಕು. ಹೀಗಾಗಿ ಒಮ್ಮೆ ಆರಂಭಿಸಿದವರು ಕೆಲವು ವಾರಗಳಿಗೊಮ್ಮೆ, ವರ್ಷಾನುಗಟ್ಟಲೆ ಅದನ್ನು ಬಳಸುತ್ತಾರೆ. ನೆತ್ತಿಯ ಉರಿ, ಸುಟ್ಟ ಗಾಯ ಬಳಕೆದಾರರಿಗೆ ಹೊಸದಲ್ಲ. ಗಾಯವಾದ ಚರ್ಮದ ಮೂಲಕ ರಾಸಾಯನಿಕಗಳು ದೇಹದೊಳಗೆ ಹೋಗುವುದು ಇನ್ನಷ್ಟು ಸುಲಭ.

ಇಷ್ಟು ತೊಂದರೆ ಇರುವುದನ್ನು ಯಾಕೆ ಬಳಸಬೇಕಿತ್ತು ಎಂದು ಕೇಳಬಹುದು. ಅಮೆರಿಕದಲ್ಲಿ ಕಪ್ಪು ಮಹಿಳೆಯರಿಗೆ ಇದು ಬರೀ ಶೋಕಿಯ ಮಾತಾಗಿರಲಿಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ, ಸಂದರ್ಶನದಲ್ಲಿ ಅವರ ಸಹಜ ಗುಂಗುರು ಕೂದಲನ್ನು, ಜಡೆಗಳನ್ನು 'ಅಚ್ಚುಕಟ್ಟಲ್ಲ' ಎಂದು ನೋಡುವ ರೂಢಿ ಬಹುಕಾಲ ಇತ್ತು. ಕೂದಲಿನ ಸಹಜ ರೂಪದ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುವ 'ಕ್ರೌನ್ ಕಾಯ್ದೆ' ಮೊದಲು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 2019ರಲ್ಲಿ. ಬಳಿಕ 20ಕ್ಕೂ ಹೆಚ್ಚು ರಾಜ್ಯಗಳು ಅಂಥದ್ದೇ ಕಾನೂನು ಮಾಡಿದವು. ತನ್ನ ಕೂದಲು ಇರುವ ಹಾಗೆಯೇ ಇಟ್ಟುಕೊಂಡು ಕೆಲಸಕ್ಕೆ ಹೋಗಲು ಕಾನೂನಿನ ರಕ್ಷಣೆ ಬೇಕಾಯಿತು ಎಂದರೆ ಒತ್ತಡ ಎಷ್ಟಿತ್ತೆಂದು ಊಹಿಸಬಹುದು. ಮಕ್ಕಳಿಗೆಂದೇ ರಿಲ್ಯಾಕ್ಸರ್‌ಗಳು ಮಾರುಕಟ್ಟೆಯಲ್ಲಿದ್ದವು. ನಗುವ ಪುಟ್ಟ ಹುಡುಗಿಯರ ಚಿತ್ರವಿದ್ದ ಆ ಡಬ್ಬಿಗಳನ್ನು ತಾಯಂದಿರು ನಂಬಿ ಕೊಂಡರು.

ಅಧ್ಯಯನಗಳು ಹೇಳಿದ್ದು, ಹೇಳಲಾಗದೆ ಉಳಿದದ್ದು

ಮೊಕದ್ದಮೆಗಳಿಗೆ ಚಾಲನೆ ಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2022ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ. 35ರಿಂದ 74 ವರ್ಷದ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಲಾಗಿತ್ತು. ಆ ಅವಧಿಯಲ್ಲಿ 378 ಮಂದಿಗೆ ಗರ್ಭಕೋಶದ ಕ್ಯಾನ್ಸರ್ ಪತ್ತೆಯಾಯಿತು. ಕೂದಲು ನೇರವಾಗಿಸುವ ಉತ್ಪನ್ನಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಈ ಕ್ಯಾನ್ಸರ್ ಬರುವ ಅಂದಾಜು ಸಾಧ್ಯತೆ ಶೇ. 1.64. ಅಧ್ಯಯನಕ್ಕೆ ಸೇರುವ ಹಿಂದಿನ ವರ್ಷದಲ್ಲಿ 4 ಬಾರಿಗಿಂತ ಹೆಚ್ಚು ಬಳಸಿದವರಲ್ಲಿ ಅದು ಶೇ. 4.05.

ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಅಪಾಯ ಎರಡು ಪಟ್ಟಿಗಿಂತ ಹೆಚ್ಚಾಗಿದೆ ಎಂಬುದು ನಿಜ. ಬಳಸಿದ 100 ಮಂದಿಯಲ್ಲಿ ಸುಮಾರು 96 ಮಂದಿಗೆ ಈ ಕ್ಯಾನ್ಸರ್ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಸಂಬಂಧ ಇದೆ ಎಂದು ತೋರಿಸುವುದು ಬೇರೆ, ಅದೇ ಕಾರಣ ಎಂದು ಸಾಬೀತು ಮಾಡುವುದು ಬೇರೆ. ಕಪ್ಪು ಮಹಿಳೆಯರಲ್ಲಿ ಮತ್ತು ಇತರರಲ್ಲಿ ಈ ಸಂಬಂಧ ಬೇರೆ ಬೇರೆಯಾಗಿ ಕಾಣಲಿಲ್ಲ. ಆದರೆ ಹಿಂದಿನ ವರ್ಷ ಇಂಥ ಉತ್ಪನ್ನ ಬಳಸಿದ್ದೇವೆ ಎಂದವರಲ್ಲಿ ಸುಮಾರು ಶೇ. 60ರಷ್ಟು ಕಪ್ಪು ಮಹಿಳೆಯರೇ ಇದ್ದರು. ಹೆಚ್ಚು ಬಳಸುವವರು, ಚಿಕ್ಕ ವಯಸ್ಸಿಗೇ ಆರಂಭಿಸುವವರು ಅವರು. ಹಾಗಾಗಿ ಹೊರೆಯೂ ಅವರ ಮೇಲೆಯೇ ಹೆಚ್ಚು.

ಮರುವರ್ಷ ಬಾಸ್ಟನ್ ವಿಶ್ವವಿದ್ಯಾಲಯದ ತಂಡ ಕಪ್ಪು ಮಹಿಳೆಯರನ್ನೇ ಕುರಿತ ತನ್ನ ದೀರ್ಘ ಅಧ್ಯಯನದ ಫಲಿತಾಂಶ ಪ್ರಕಟಿಸಿತು. ಅದರಲ್ಲಿ 44,798 ಮಹಿಳೆಯರ ಮಾಹಿತಿ ಇತ್ತು. ಮುಟ್ಟು ನಿಂತ ಮಹಿಳೆಯರಲ್ಲಿ, ದೀರ್ಘಕಾಲ ರಿಲ್ಯಾಕ್ಸರ್ ಬಳಸಿದವರಿಗೆ ಗರ್ಭಕೋಶದ ಕ್ಯಾನ್ಸರ್ ಅಪಾಯ ಶೇ. 50ಕ್ಕೂ ಹೆಚ್ಚು ಅಧಿಕವಾಗಿತ್ತು. ಮುಟ್ಟು ನಿಲ್ಲದವರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಅಮೆರಿಕದಲ್ಲಿ ಗರ್ಭಕೋಶದ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಬಿಳಿಯ ಮಹಿಳೆಯರಿಗಿಂತ ಕಪ್ಪು ಮಹಿಳೆಯರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಅದಕ್ಕೆ ತಡವಾಗಿ ಸಿಗುವ ಚಿಕಿತ್ಸೆ ಸೇರಿದಂತೆ ಹಲವು ಕಾರಣಗಳಿವೆ. ಈ ಹಿನ್ನೆಲೆಯಲ್ಲಿ ತಡೆಯಬಹುದಾದ ಯಾವ ಕಾರಣವನ್ನೂ ಹಗುರವಾಗಿ ನೋಡುವಂತಿಲ್ಲ.

ಇಂಥ ಅಧ್ಯಯನಗಳಿಗೆ ಒಂದು ದೊಡ್ಡ ಮಿತಿಯಿದೆ. 2022ರ ಅಧ್ಯಯನದಲ್ಲಿ ಮಹಿಳೆಯರು 'ಕೂದಲು ನೇರವಾಗಿಸುವ ಉತ್ಪನ್ನ ಬಳಸಿದ್ದೇವೆ' ಎಂದಷ್ಟೇ ಹೇಳಿದ್ದರು. ಯಾವ ಬ್ರ್ಯಾಂಡ್, ಅದರಲ್ಲಿ ಯಾವ ರಾಸಾಯನಿಕ ಇತ್ತು ಎಂಬ ಮಾಹಿತಿ ವಿಜ್ಞಾನಿಗಳ ಬಳಿ ಇರಲಿಲ್ಲ. ಪ್ಯಾರಾಬೆನ್, ಬಿಸ್‌ಫಿನಾಲ್ ಎ, ಲೋಹಗಳು, ಫಾರ್ಮಾಲ್ಡಿಹೈಡ್ ಕಾರಣವಾಗಿರಬಹುದು ಎಂದು ಅವರು ಊಹೆಯನ್ನಷ್ಟೇ ಮುಂದಿಟ್ಟರು. ನ್ಯಾಯಾಲಯದಲ್ಲಿ ಇಂಥ ಅಂತರವೇ ಪ್ರತಿವಾದಿಗಳಿಗೆ ಅನುಕೂಲ. ಯಾವ ವಸ್ತುವಿನಿಂದ ಹಾನಿಯಾಯಿತು ಎಂದು ಬೆರಳಿಟ್ಟು ತೋರಿಸಿ ಎಂದು ಅವರು ಕೇಳಬಹುದು. ಆದರೆ ಪಟ್ಟಿಯೇ ಪೂರ್ತಿ ಇಲ್ಲದ ಡಬ್ಬಿಯ ಮೇಲೆ ಬೆರಳಿಡುವುದು ಎಲ್ಲಿ?

ಪಟ್ಟಿಯಲ್ಲಿ ಇಲ್ಲದ್ದು ಪ್ರಯೋಗಾಲಯದಲ್ಲಿ ಸಿಕ್ಕಿತು

ಪಟ್ಟಿ ಪೂರ್ತಿ ಇಲ್ಲ ಎಂಬುದು ಬರೀ ಶಂಕೆಯಲ್ಲ. ಮ್ಯಾಸಚೂಸೆಟ್ಸ್‌ನ ಸೈಲೆಂಟ್ ಸ್ಪ್ರಿಂಗ್ ಸಂಸ್ಥೆಯ ವಿಜ್ಞಾನಿಗಳು ಕಪ್ಪು ಮಹಿಳೆಯರು ಬಳಸುವ 18 ಕೂದಲಿನ ಉತ್ಪನ್ನಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾರ್ಮೋನ್ ವ್ಯವಸ್ಥೆಯನ್ನು ಏರುಪೇರು ಮಾಡಬಲ್ಲವು ಅಥವಾ ಆಸ್ತಮಾಕ್ಕೆ ಸಂಬಂಧಪಟ್ಟವು ಎನ್ನಲಾದ 66 ರಾಸಾಯನಿಕಗಳಿಗಾಗಿ ಅವರು ಹುಡುಕಿದರು. 45 ಸಿಕ್ಕವು. ಸಿಕ್ಕವುಗಳ ಪೈಕಿ ಶೇ. 84ರಷ್ಟು ಲೇಬಲ್ ಮೇಲೆ ನಮೂದಾಗಿರಲಿಲ್ಲ. ಐರೋಪ್ಯ ಒಕ್ಕೂಟ ನಿಷೇಧಿಸಿದ ಅಥವಾ ಕ್ಯಾಲಿಫೋರ್ನಿಯಾ ಕಾನೂನಿನ ನಿಯಂತ್ರಣದಲ್ಲಿರುವ ರಾಸಾಯನಿಕಗಳು 11 ಉತ್ಪನ್ನಗಳಲ್ಲಿದ್ದವು.

ಕಾನೂನು ಇದ್ದೂ ಇದು ಹೇಗೆ ಸಾಧ್ಯ? ಮೂರು ದಾರಿಗಳಿವೆ. ಮೊದಲನೆಯದು 'ಫ್ರಾಗ್ರೆನ್ಸ್' ಎಂಬ ಪದ. ಸುಗಂಧದ ಸೂತ್ರ ವ್ಯಾಪಾರದ ಗುಟ್ಟು ಎಂಬ ಕಾರಣಕ್ಕೆ, ಅದರಲ್ಲಿರುವ ಹತ್ತಾರು ವಸ್ತುಗಳನ್ನು ಬಿಡಿಬಿಡಿಯಾಗಿ ಬರೆಯದೆ ಒಂದೇ ಪದದಲ್ಲಿ ಮುಗಿಸಲು ಅಮೆರಿಕದ ಕಾನೂನು ಅವಕಾಶ ಕೊಟ್ಟಿದೆ. ಸುಗಂಧ ಬಹುಕಾಲ ಉಳಿಯಲಿ ಎಂದು ಬೆರೆಸುವ ಥ್ಯಾಲೇಟ್‌ಗಳು ಈ ಪದದ ಮರೆಯಲ್ಲಿ ಉಳಿದುಬಿಡುತ್ತವೆ. ಎರಡನೆಯದು, ಉದ್ದೇಶಪೂರ್ವಕವಾಗಿ ಬೆರೆಸದಿದ್ದರೂ ಕಚ್ಚಾವಸ್ತುವಿನಿಂದಲೋ ಪ್ಲಾಸ್ಟಿಕ್ ಡಬ್ಬಿಯಿಂದಲೋ ಸೇರಿಕೊಳ್ಳುವ ಕಶ್ಮಲಗಳು. ಇವುಗಳನ್ನು ಬರೆಯಬೇಕಿಲ್ಲ. ಮೂರನೆಯದು ಸಲೂನ್. ಅಂಗಡಿಯಲ್ಲಿ ಗ್ರಾಹಕರಿಗೆ ಮಾರುವ ಡಬ್ಬಿಗೆ ಪದಾರ್ಥಗಳ ಪಟ್ಟಿ ಕಡ್ಡಾಯವಿದ್ದರೂ, ವೃತ್ತಿಪರರ ಬಳಕೆಗೆಂದೇ ಸಲೂನ್‌ಗಳಿಗೆ ಹೋಗುವ ಡಬ್ಬಿಗೆ ಫೆಡರಲ್ ಕಾನೂನಿನಲ್ಲಿ ಆ ಕಡ್ಡಾಯ ಬಹುಕಾಲ ಇರಲಿಲ್ಲ. ದಿನವಿಡೀ ಆ ಹೊಗೆಯಲ್ಲಿ ನಿಂತು ದುಡಿಯುವ ಸಲೂನ್ ಕೆಲಸಗಾರರಿಗೇ ತಾವು ಏನನ್ನು ಉಸಿರಾಡುತ್ತಿದ್ದೇವೆ ಎಂದು ತಿಳಿಯುವ ದಾರಿ ಕಿರಿದಾಗಿತ್ತು. ಕ್ಯಾಲಿಫೋರ್ನಿಯಾ ತನ್ನದೇ ಕಾನೂನಿನ ಮೂಲಕ 2020ರ ಜುಲೈನಿಂದ ಇದನ್ನು ಸರಿಪಡಿಸಿತು.

ಡಬ್ಬಿಯ ಮುಂಭಾಗದ ಸುಳ್ಳುಗಳು

ಹಿಂಭಾಗದ ಪಟ್ಟಿ ಅರೆಬರೆಯಾದರೆ, ಮುಂಭಾಗದ ದೊಡ್ಡಕ್ಷರಗಳ ಕಥೆ ಬೇರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತಿಗೆ ಇಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ.

1994ರಲ್ಲಿ 'ರಿಯೊ' ಎಂಬ ಉತ್ಪನ್ನವನ್ನು ಟಿವಿಯ ದೀರ್ಘ ಜಾಹೀರಾತುಗಳ ಮೂಲಕ ಕಪ್ಪು ಮಹಿಳೆಯರಿಗೆ ಮಾರಲಾಯಿತು. ಬ್ರೆಜಿಲ್‌ನಿಂದ ಬಂದದ್ದು, ಸಂಪೂರ್ಣ ನೈಸರ್ಗಿಕ, ರಾಸಾಯನಿಕಗಳೇ ಇಲ್ಲ ಎಂಬುದು ಪ್ರಚಾರ. ಹಳೆಯ ರಿಲ್ಯಾಕ್ಸರ್‌ಗಳ ಉರಿಯಿಂದ ಬೇಸತ್ತವರಿಗೆ ಇದು ಹೊಸ ಆಸೆ ಹುಟ್ಟಿಸಿತು. ಬಳಸಿದವರಲ್ಲಿ ಹಲವರ ಕೂದಲು ಉದುರಿತು, ತುಂಡಾಯಿತು, ಕೆಲವರದು ಹಸಿರು ಬಣ್ಣಕ್ಕೆ ತಿರುಗಿತು. ಅದರಲ್ಲಿ ತಾಮ್ರದ ಲವಣವಿತ್ತು, ಆಮ್ಲೀಯತೆ ತೀವ್ರವಾಗಿತ್ತು. ಆಹಾರ ಮತ್ತು ಔಷಧ ಆಡಳಿತಕ್ಕೆ, ಅಂದರೆ ಎಫ್‌ಡಿಎಗೆ, 3,000ಕ್ಕೂ ಹೆಚ್ಚು ದೂರುಗಳು ಬಂದವು. 1995ರ ಜನವರಿಯಲ್ಲಿ ಸರ್ಕಾರ ದಾಸ್ತಾನು ಜಪ್ತಿ ಮಾಡಿತು. ಮೂರು ಸಾವಿರ ದೂರುಗಳ ಬಳಿಕ ಬಂದ ಕ್ರಮ ಅದು.

2010ರಲ್ಲಿ ಆರೆಗನ್ ರಾಜ್ಯದ ಸಲೂನ್ ಕೆಲಸಗಾರರು ಮೂಗಿನಲ್ಲಿ ರಕ್ತ, ಉಸಿರಾಟದ ತೊಂದರೆ, ಕಣ್ಣುರಿ ಎಂದು ದೂರಿದರು. ಅವರು ಬಳಸುತ್ತಿದ್ದ 'ಬ್ರೆಜಿಲಿಯನ್ ಬ್ಲೋಔಟ್' ದ್ರಾವಣದ ಬಾಟಲಿಯ ಮೇಲೆ 'ಫಾರ್ಮಾಲ್ಡಿಹೈಡ್ ಮುಕ್ತ' ಎಂದು ಬರೆದಿತ್ತು. ರಾಜ್ಯದ ಕಾರ್ಮಿಕ ಸುರಕ್ಷತಾ ಇಲಾಖೆ ಪರೀಕ್ಷಿಸಿದಾಗ ಸರಾಸರಿ ಶೇ. 8ಕ್ಕೂ ಹೆಚ್ಚು ಫಾರ್ಮಾಲ್ಡಿಹೈಡ್ ಸಿಕ್ಕಿತು. ಫಾರ್ಮಾಲ್ಡಿಹೈಡ್ ನೀರಿನಲ್ಲಿ ಕರಗಿದಾಗ ಮೆಥಿಲೀನ್ ಗ್ಲೈಕಾಲ್ ಎಂಬ ರೂಪ ತಾಳುತ್ತದೆ. ಹೆಸರು ಬೇರೆಯಾದರೂ ಕಾದ ಇಸ್ತ್ರಿ ತಾಗಿದ ಕೂಡಲೇ ಅದೇ ಅನಿಲ ಹೊರಬರುತ್ತದೆ. ಈ ಅನಿಲ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿತ್ತು. ಎಫ್‌ಡಿಎ 2011ರ ಆಗಸ್ಟ್‌ನಲ್ಲಿ ಎಚ್ಚರಿಕೆ ಪತ್ರ ಕಳುಹಿಸಿತು. 2012ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಅಂದಿನ ಅಟಾರ್ನಿ ಜನರಲ್ ಕಮಲಾ ಹ್ಯಾರಿಸ್ ಕಂಪನಿಯೊಂದಿಗೆ ರಾಜಿ ಒಪ್ಪಂದ ಮಾಡಿಕೊಂಡರು. ಕಂಪನಿ 6 ಲಕ್ಷ ಡಾಲರ್ ಕಟ್ಟಬೇಕು, 'ಫಾರ್ಮಾಲ್ಡಿಹೈಡ್ ಮುಕ್ತ' ಎಂಬ ಮಾತು ನಿಲ್ಲಿಸಬೇಕು, ಎಚ್ಚರಿಕೆ ಕೊಡಬೇಕು ಎಂದಾಯಿತು. ಉತ್ಪನ್ನವನ್ನು ಮಾರುಕಟ್ಟೆಯಿಂದ ತೆಗೆಯಬೇಕು ಎಂದು ಆಗಲಿಲ್ಲ.

ಸುಳ್ಳಲ್ಲದ, ಆದರೆ ದಾರಿ ತಪ್ಪಿಸುವ ಮಾತುಗಳೂ ಇವೆ. 'ನೋ ಲೈ' ಎಂಬ ರಿಲ್ಯಾಕ್ಸರ್‌ಗಳಲ್ಲಿ ಕಾಸ್ಟಿಕ್ ಸೋಡಾ ಇಲ್ಲ ಎಂಬುದು ನಿಜ. ಅದರ ಬದಲು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಾವು ಎಲೆಗೆ ಹಚ್ಚುವ ಸುಣ್ಣದಲ್ಲಿರುವ ವಸ್ತು, ಮತ್ತು ಗ್ವಾನಿಡಿನ್ ಕಾರ್ಬೊನೇಟ್ ಬೆರೆಸಿ ಇನ್ನೊಂದು ತೀವ್ರ ಕ್ಷಾರವನ್ನು ಸ್ಥಳದಲ್ಲೇ ತಯಾರಿಸಲಾಗುತ್ತದೆ. ಉರಿ ಕಡಿಮೆ ಇರಬಹುದು, ಆದರೆ ಅದು ಸೌಮ್ಯ ಎಣ್ಣೆಯಲ್ಲ. ಇನ್ನು 'ನ್ಯಾಚುರಲ್', 'ಆರ್ಗ್ಯಾನಿಕ್' ಎಂಬ ಪದಗಳಿಗೆ ಪ್ರಸಾಧನಗಳ ವಿಷಯದಲ್ಲಿ ಎಫ್‌ಡಿಎ ಯಾವ ವ್ಯಾಖ್ಯೆಯನ್ನೂ ಕೊಟ್ಟಿಲ್ಲ. ರಿಲ್ಯಾಕ್ಸರ್ ಬಿಟ್ಟು ಸಹಜ ಕೂದಲಿಗೆ ಮರಳುತ್ತಿರುವ ಲಕ್ಷಾಂತರ ಮಹಿಳೆಯರಿಗೆ ಇಂದು ಮಾರಲಾಗುತ್ತಿರುವುದು ಇದೇ ಪದಗಳನ್ನು.

ಫಾರ್ಮಾಲ್ಡಿಹೈಡ್‌ಗೆ ಕೆಟ್ಟ ಹೆಸರು ಬಂದ ಮೇಲೆ ಕೂದಲು ನೇರವಾಗಿಸುವ ಹಲವು ಉತ್ಪನ್ನಗಳಿಗೆ ಗ್ಲೈಆಕ್ಸಿಲಿಕ್ ಆಮ್ಲ ಬಂತು. ಫ್ರಾನ್ಸ್‌ನ ವೈದ್ಯರು 2024ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿ ಮಾಡಿದ 26 ವರ್ಷದ ಮಹಿಳೆಯ ಪ್ರಕರಣದಲ್ಲಿ, ಸಲೂನ್‌ಗೆ ಹೋಗಿ ಕೂದಲು ನೇರವಾಗಿಸಿಕೊಂಡ ಮೂರು ಬಾರಿಯೂ ಆಕೆಯ ಮೂತ್ರಪಿಂಡಗಳಿಗೆ ತೀವ್ರ ಹಾನಿಯಾಗಿತ್ತು. ಆ ಕ್ರೀಮ್‌ನಲ್ಲಿ ಶೇ. 10ರಷ್ಟು ಗ್ಲೈಆಕ್ಸಿಲಿಕ್ ಆಮ್ಲ ಇತ್ತು. ಒಂದು ವಸ್ತುವಿನಿಂದ 'ಮುಕ್ತ' ಎಂದರೆ ಅಪಾಯದಿಂದ ಮುಕ್ತ ಎಂದರ್ಥವಲ್ಲ. ಆ ಜಾಗದಲ್ಲಿ ಏನನ್ನು ಹಾಕಿದ್ದೀರಿ ಎಂಬುದೇ ನಿಜವಾದ ಪ್ರಶ್ನೆ.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ

ಪ್ರಾಮಾಣಿಕ ಲೇಬಲ್ ಬೇಕು ಎನ್ನುವಾಗ ಕಪ್ಪು ಉದ್ಯಮಿಗಳ ಒಂದು ಹಳೆಯ ನೋವನ್ನೂ ನೆನೆಯಬೇಕು. ಜಾರ್ಜ್ ಜಾನ್ಸನ್ 1954ರಲ್ಲಿ ಷಿಕಾಗೊದಲ್ಲಿ ಸ್ಥಾಪಿಸಿದ ಜಾನ್ಸನ್ ಪ್ರಾಡಕ್ಟ್ಸ್ ಕಂಪನಿ 1971ರಲ್ಲಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ನೋಂದಣಿಯಾದ ಮೊದಲ ಕಪ್ಪು ಒಡೆತನದ ಸಂಸ್ಥೆ. ಅದರ 'ಅಲ್ಟ್ರಾ ಶೀನ್' ರಿಲ್ಯಾಕ್ಸರ್ ಮನೆಮಾತಾಗಿತ್ತು. 1975ರಲ್ಲಿ ಫೆಡರಲ್ ವ್ಯಾಪಾರ ಆಯೋಗ ಆ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿ, ಕಾಸ್ಟಿಕ್ ಸೋಡಾದಿಂದ ಚರ್ಮ, ಕಣ್ಣು, ಕೂದಲಿಗೆ ಹಾನಿಯಾಗಬಹುದು ಎಂಬ ಎಚ್ಚರಿಕೆಯನ್ನು ಹಾಕಿಸಿತು. ಎಚ್ಚರಿಕೆ ಸರಿಯಾದದ್ದೇ. ಆದರೆ ಅದೇ ರಾಸಾಯನಿಕವಿದ್ದ ರೆವ್ಲಾನ್‌ನ ರಿಲ್ಯಾಕ್ಸರ್‌ಗೆ ಅಂಥದ್ದೇ ಎಚ್ಚರಿಕೆ ಬಂದದ್ದು ಸುಮಾರು ಎರಡು ವರ್ಷ ತಡವಾಗಿ. ಅಷ್ಟರಲ್ಲಿ ಜಾನ್ಸನ್ ಕಂಪನಿಯ ಮಾರುಕಟ್ಟೆ ಪಾಲು ಕುಸಿಯತೊಡಗಿತ್ತು. 1993ರಲ್ಲಿ ಅದು ಬೇರೆಯವರ ಕೈಸೇರಿತು.

ಸತ್ಯ ಹೇಳಿದವನು ಸೋತು, ಹೇಳದವನು ಗೆದ್ದರೆ ಯಾರಿಗೂ ಸತ್ಯ ಹೇಳುವ ಹುಮ್ಮಸ್ಸು ಉಳಿಯುವುದಿಲ್ಲ. ಪಾರದರ್ಶಕತೆ ಸ್ವಇಚ್ಛೆಯ ಗುಣವಾಗಿ ಉಳಿಯಬಾರದು, ಎಲ್ಲರಿಗೂ ಒಂದೇ ದಿನದಿಂದ ಅನ್ವಯಿಸುವ ನಿಯಮವಾಗಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಕಾನೂನು ಬದಲಾಯಿತು, ಗಡುವುಗಳು ದಾಟಿದವು

ಅಮೆರಿಕದಲ್ಲಿ ಪ್ರಸಾಧನಗಳನ್ನು ನಿಯಂತ್ರಿಸುವ ಮೂಲ ಕಾನೂನು 1938ರದ್ದು. ಬಣ್ಣದ ವಸ್ತುಗಳನ್ನು ಬಿಟ್ಟರೆ ಪ್ರಸಾಧನಗಳು ಮಾರುಕಟ್ಟೆಗೆ ಬರುವ ಮೊದಲು ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಕೆಟ್ಟ ಉತ್ಪನ್ನವನ್ನು ವಾಪಸ್ ಪಡೆಯುವಂತೆ ಕಂಪನಿಗೆ ಆದೇಶಿಸುವ ಅಧಿಕಾರವೂ ಎಫ್‌ಡಿಎಗೆ ಇರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ ಪ್ರಸಾಧನ ನಿಯಂತ್ರಣ ಆಧುನೀಕರಣ ಕಾಯ್ದೆ ಇದನ್ನು ಬದಲಿಸಿತು. ಕಂಪನಿಗಳು ಕಾರ್ಖಾನೆ ನೋಂದಾಯಿಸಬೇಕು, ಉತ್ಪನ್ನ ಮತ್ತು ಪದಾರ್ಥಗಳ ಪಟ್ಟಿ ಸಲ್ಲಿಸಬೇಕು, ಗಂಭೀರ ಅಡ್ಡಪರಿಣಾಮಗಳನ್ನು 15 ಕೆಲಸದ ದಿನಗಳಲ್ಲಿ ವರದಿ ಮಾಡಬೇಕು, ಸುರಕ್ಷತೆಯ ದಾಖಲೆ ಇಟ್ಟುಕೊಳ್ಳಬೇಕು. ವಾಪಸಾತಿಗೆ ಆದೇಶಿಸುವ ಅಧಿಕಾರವೂ ಬಂತು.

ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಜಾರಿಯಲ್ಲಿ ವಿಳಂಬ ಎದ್ದು ಕಾಣುತ್ತದೆ. ಸುಗಂಧದಲ್ಲಿರುವ ಅಲರ್ಜಿಕಾರಕಗಳನ್ನು ಲೇಬಲ್ ಮೇಲೆ ಹೆಸರಿಸುವ ನಿಯಮದ ಕರಡಿಗೆ ಕಾಯ್ದೆಯೇ ಕೊಟ್ಟ ಗಡುವು 2024ರ ಜೂನ್. ಆ ಗಡುವು ದಾಟಿತು. ಕೂದಲು ನೇರವಾಗಿಸುವ ಉತ್ಪನ್ನಗಳಲ್ಲಿ ಫಾರ್ಮಾಲ್ಡಿಹೈಡ್ ಮತ್ತು ಅದನ್ನು ಬಿಡುಗಡೆ ಮಾಡುವ ವಸ್ತುಗಳನ್ನು ನಿಷೇಧಿಸುವ ಪ್ರಸ್ತಾವ ತರುತ್ತೇವೆ ಎಂದು ಎಫ್‌ಡಿಎ 2023ರಲ್ಲಿ ತಿಳಿಸಿ 2024ರ ಏಪ್ರಿಲ್ ತಿಂಗಳ ಗುರಿ ಇಟ್ಟುಕೊಂಡಿತ್ತು. ಆ ದಿನಾಂಕವನ್ನೂ ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಯಿತು.

ರಾಜ್ಯಗಳು ಕಾಯಲಿಲ್ಲ. ಕ್ಯಾಲಿಫೋರ್ನಿಯಾ 2020ರಲ್ಲಿ ಮಾಡಿದ ಕಾನೂನಿನಂತೆ ಫಾರ್ಮಾಲ್ಡಿಹೈಡ್, ಮೆಥಿಲೀನ್ ಗ್ಲೈಕಾಲ್ ಸೇರಿದಂತೆ 24 ಪದಾರ್ಥಗಳಿಗೆ 2025ರ ಜನವರಿ 1ರಿಂದ ನಿಷೇಧವಿದೆ. ವಾಷಿಂಗ್ಟನ್ ರಾಜ್ಯವೂ 2023ರಲ್ಲಿ ಇಂಥ ಕಾನೂನು ತಂದಿತು. ಆದರೆ ಗ್ರಾಹಕಿಯ ಸುರಕ್ಷತೆ ಆಕೆ ಯಾವ ರಾಜ್ಯದಲ್ಲಿ ವಾಸಿಸುತ್ತಾಳೆ ಎಂಬುದರ ಮೇಲೆ ನಿಲ್ಲಬಾರದು.

ಉದ್ಯಮದ ವಾದಗಳಲ್ಲಿ ಕೆಲವು ತಳ್ಳಿಹಾಕುವಂಥವಲ್ಲ. ಪ್ರಯೋಗಾಲಯದಲ್ಲಿ ಒಂದು ವಸ್ತು ಪತ್ತೆಯಾದ ಮಾತ್ರಕ್ಕೆ ಅದು ಹಾನಿ ಮಾಡುವ ಪ್ರಮಾಣದಲ್ಲಿದೆ ಎಂದಾಗುವುದಿಲ್ಲ. ಸಂರಕ್ಷಕಗಳೇ ಇಲ್ಲದ ಕ್ರೀಮ್‌ನಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ, ಅದೂ ಅಪಾಯವೇ. ಪರೀಕ್ಷೆಯ ಖರ್ಚು ಮನೆಯಲ್ಲಿ ಎಣ್ಣೆ, ಬೆಣ್ಣೆ ತಯಾರಿಸಿ ಮಾರುವ ಸಣ್ಣ ಉದ್ಯಮಿಗಳಿಗೆ ಭಾರ. ಅವರಲ್ಲಿ ಹಲವರು ಕಪ್ಪು ಮಹಿಳೆಯರೇ. ಆದರೆ ಪ್ರಮಾಣ ಮುಖ್ಯ ಎನ್ನುವವರು ಪ್ರಮಾಣವನ್ನು ಹೇಳಲು ಸಿದ್ಧರಿರಬೇಕು. ಸಣ್ಣವರಿಗೆ ರಿಯಾಯಿತಿ ಬೇಕಿದ್ದರೆ ಪರೀಕ್ಷೆಗೆ ಸರ್ಕಾರದ ನೆರವು ಕೇಳುವುದು ಸರಿಯಾದ ದಾರಿ. ಗ್ರಾಹಕರಿಂದ ಮುಚ್ಚಿಡುವುದಕ್ಕೆ ಅದು ನೆಪವಾಗಬಾರದು.

ಜಡೆಯ ಕೂದಲಿನಲ್ಲೂ ಅದೇ ಮೌನ

ರಿಲ್ಯಾಕ್ಸರ್ ಬಿಟ್ಟವರಲ್ಲಿ ಅನೇಕರು ಹೆಣೆದ ಜಡೆಗಳಿಗೆ, ಚೌರಿ ಸೇರಿಸಿಕೊಳ್ಳುವ ಶೈಲಿಗಳಿಗೆ ಮೊರೆ ಹೋಗುತ್ತಾರೆ. ಅಲ್ಲಿಯೂ ಲೇಬಲ್ ಸಮಸ್ಯೆ ಬೆನ್ನುಬಿಟ್ಟಿಲ್ಲ. ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಜಡೆ ಹೆಣೆಯುವ 10 ಕೃತಕ ಕೂದಲಿನ ಉತ್ಪನ್ನಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಎಲ್ಲದರಲ್ಲೂ ಕ್ಯಾನ್ಸರ್‌ಕಾರಕ ರಾಸಾಯನಿಕಗಳಿದ್ದವು, 9ರಲ್ಲಿ ಸೀಸ ಇತ್ತು. ತಲೆಯ ಮೇಲೆ ವಾರಗಟ್ಟಲೆ ಇರುವ ವಸ್ತು ಅದು.

ಮಾನವ ಕೂದಲಿನ ವ್ಯಾಪಾರದಲ್ಲಿ ನಮ್ಮ ಕೊಂಡಿಯೂ ಇದೆ. ತಿರುಪತಿಯಂತಹ ದೇವಾಲಯಗಳಲ್ಲಿ ಭಕ್ತರು ಅರ್ಪಿಸುವ ಮುಡಿ ಹರಾಜಾಗಿ ರಫ್ತಾಗುತ್ತದೆ. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆಯ ಭಾಗ್ಯನಗರ ಕೂದಲು ಸಂಸ್ಕರಣೆಗೆ ಹೆಸರಾದ ಊರು. ಹೀಗೆ ಹೋಗುವ ಭಾರತದ ಕೂದಲು ವಿದೇಶಿ ಅಂಗಡಿಗಳಲ್ಲಿ ಎಷ್ಟೋ ಬಾರಿ 'ಬ್ರೆಜಿಲಿಯನ್', 'ಪೆರುವಿಯನ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಆ ಹೆಸರುಗಳು ಕೂದಲು ಹುಟ್ಟಿದ ದೇಶವನ್ನು ಹೇಳುವುದಿಲ್ಲ, ಶೈಲಿಯನ್ನಷ್ಟೇ ಹೇಳುತ್ತವೆ. ಕೊಟ್ಟವರ ಗುರುತೂ ಇಲ್ಲ, ಕೊಂಡವರಿಗೆ ನಿಜವೂ ಇಲ್ಲ.

ಇನ್ನು ನಮ್ಮ ನಗರಗಳ ಸಲೂನ್‌ಗಳಲ್ಲಿ 'ಕೆರಾಟಿನ್', 'ಸ್ಮೂದನಿಂಗ್' ಈಗ ಸಾಮಾನ್ಯ. ಮುಂಬೈ, ಹೈದರಾಬಾದ್, ಚೆನ್ನೈನಲ್ಲಿ ಮದುವೆಗೆ ಮುಂಚೆ ಅದನ್ನು ಮಾಡಿಸಿಕೊಳ್ಳುವವರು ಕಡಿಮೆಯಿಲ್ಲ. ಭಾರತದ 2020ರ ಪ್ರಸಾಧನ ನಿಯಮಗಳ ಪ್ರಕಾರ ಲೇಬಲ್ ಮೇಲೆ ಪದಾರ್ಥಗಳ ಪಟ್ಟಿ ಇರಬೇಕು. ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಸಲೂನ್‌ನಲ್ಲಿ ಬಟ್ಟಲಿಗೆ ಸುರಿದು ತಂದ ಕ್ರೀಮ್‌ನ ಬಾಟಲಿಯನ್ನು ತೋರಿಸಿ ಎಂದು ಕೇಳುವವರು ಅಪರೂಪ. ಕೇಳಬೇಕು. ಫಾರ್ಮಾಲ್ಡಿಹೈಡ್, ಫಾರ್ಮಲಿನ್, ಮೆಥಿಲೀನ್ ಗ್ಲೈಕಾಲ್, ಗ್ಲೈಆಕ್ಸಿಲಿಕ್ ಆಮ್ಲ ಎಂಬ ಹೆಸರುಗಳನ್ನು ಹುಡುಕಬೇಕು. ಹೆಸರು ತೋರಿಸಲು ಹಿಂಜರಿಯುವ ಸಲೂನ್‌ನಲ್ಲಿ ತಲೆ ಒಪ್ಪಿಸದಿರುವುದು ಒಳ್ಳೆಯದು.

ಓದುವ ಹೊಣೆ ಗ್ರಾಹಕರದ್ದು, ಸಾಬೀತು ಮಾಡುವ ಹೊಣೆ ಯಾರದು?

'ಲೇಬಲ್ ಓದಿ ಕೊಳ್ಳಿ' ಎಂಬ ಸಲಹೆ ಸುಲಭ. ಕಂಪನಿಗಳೂ ಅದನ್ನೇ ಹೇಳುತ್ತವೆ, ನಿಯಂತ್ರಕರೂ ಅದನ್ನೇ ಹೇಳುತ್ತಾರೆ. ಆದರೆ ಆರೆಗನ್‌ನ ಸಲೂನ್ ಕೆಲಸಗಾರರು ಲೇಬಲ್ ಓದಿದ್ದರು. ಅದರಲ್ಲಿ 'ಫಾರ್ಮಾಲ್ಡಿಹೈಡ್ ಮುಕ್ತ' ಎಂದೇ ಇತ್ತು. ಸೈಲೆಂಟ್ ಸ್ಪ್ರಿಂಗ್ ಪರೀಕ್ಷಿಸಿದ 18 ಡಬ್ಬಿಗಳ ಲೇಬಲ್‌ಗಳನ್ನು ರಸಾಯನಶಾಸ್ತ್ರದ ಪ್ರಾಧ್ಯಾಪಕರೇ ಓದಿದ್ದರೂ ಅಲ್ಲಿ ಬರೆಯದೇ ಇದ್ದದ್ದು ಅವರಿಗೂ ಕಾಣುತ್ತಿರಲಿಲ್ಲ.

ಆದ್ದರಿಂದ ಬೇಕಿರುವುದು ಮೂರು ಸರಳ ಸಂಗತಿಗಳು. ಸುಗಂಧದ ಮರೆಯಲ್ಲಿ ಏನೂ ಉಳಿಯದಂತೆ, ಸಲೂನ್ ಡಬ್ಬಿಗೂ ಮನೆಯ ಡಬ್ಬಿಗೂ ಒಂದೇ ಪೂರ್ತಿ ಪಟ್ಟಿ. 'ಮುಕ್ತ', 'ನೈಸರ್ಗಿಕ', 'ಸುರಕ್ಷಿತ' ಎಂದು ಬರೆಯುವ ಮೊದಲು ಅದಕ್ಕೆ ಪುರಾವೆ, ಕೇಳಿದವರಿಗೆ ಅದನ್ನು ತೋರಿಸುವ ಹೊಣೆ. ದೊಡ್ಡ ಕಂಪನಿಗೂ ಸಣ್ಣ ಕಂಪನಿಗೂ ಒಂದೇ ದಿನ ಜಾರಿಗೆ ಬರುವ ನಿಯಮ. ಇವುಗಳಲ್ಲಿ ಯಾವುದೂ ತಂತ್ರಜ್ಞಾನಕ್ಕೆ ಎಟುಕದ್ದಲ್ಲ. ಐರೋಪ್ಯ ಒಕ್ಕೂಟದಲ್ಲಿ ಫಾರ್ಮಾಲ್ಡಿಹೈಡ್ ಪ್ರಸಾಧನಗಳ ನಿಷೇಧಿತ ಪಟ್ಟಿಯಲ್ಲಿದೆ, ಇದೇ ದೊಡ್ಡ ಕಂಪನಿಗಳು ಅಲ್ಲಿ ಆ ನಿಯಮ ಪಾಲಿಸಿಯೇ ವ್ಯಾಪಾರ ಮಾಡುತ್ತಿವೆ.

ಷಿಕಾಗೊ ನ್ಯಾಯಾಲಯದ ಪ್ರಕರಣಗಳು ಮುಗಿಯಲು ವರ್ಷಗಳು ಬೇಕಾಗಬಹುದು. ಕೆಲವು ಗೆಲ್ಲಬಹುದು, ಕೆಲವು ಸಾಕ್ಷ್ಯ ಸಾಲದೆ ಬಿದ್ದುಹೋಗಬಹುದು. ಬಿದ್ದುಹೋದ ಪ್ರಕರಣಗಳಲ್ಲಿ ಕ್ರೀಮ್ ನಿರಪರಾಧಿಯೆಂದು ಸಾಬೀತಾಯಿತೋ, ಅದರಲ್ಲಿ ಏನಿತ್ತು ಎಂದು ತಿಳಿಯಲು ದಾರಿಯೇ ಇರಲಿಲ್ಲವೋ ಎಂಬ ವ್ಯತ್ಯಾಸವನ್ನು ಮರೆಯಬಾರದು. ಇಂದು ರಿಲ್ಯಾಕ್ಸರ್ ಹಚ್ಚಿಸಿಕೊಳ್ಳುತ್ತಿರುವ ಹುಡುಗಿಗೆ ಮುಂದೊಂದು ದಿನ ಅದೇ ಪ್ರಶ್ನೆ ಎದುರಾದರೆ, ಉತ್ತರ ಡಬ್ಬಿಯ ಮೇಲೆಯೇ ಇರಬೇಕು.